ರಟ್ಟಿನ ಪೆಟ್ಟಿಗೆ

ಅರಸೀಕೆರೆಯ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಕೊಬ್ಬರಿಯ ವಿಚಾರವಾಗಿ ಯಾರೂ ಪಾಠ ಹೇಳಬೇಕಾದುದಿಲ್ಲ. ಬಲಿತ ಕಾಯನ್ನು ಅಟ್ಟಕ್ಕೇರಿಸುವುದು, ಎಂಟು ಹತ್ತು ತಿಂಗಳು, ಕೆಲವು ವೇಳೆ ಒಂದು ವರ್ಷ, ಅದರ ಪಾಡಿಗೆ ಅದನ್ನು ಬಿಟ್ಟಿರುವುದು, ಒಳಗಣ ನೀರೆಲ್ಲ ಇಂಗಿ ಗಿಟುಕು ಚಿಪ್ಪನ್ನು ಬಿಟ್ಟುಕೊಂಡು ಗಡಗಡನೆ ಅಲುಗುವ ಸದ್ದನ್ನು ಕಿವಿಗೊಟ್ಟು ಕೇಳುವುದು, ಆಮೇಲೆ ಸುಲಿದು ಚಿಪ್ಪೊಡೆದು ಉಂಡೆ ಕೊಬ್ಬರಿಯನ್ನು ಒಡಕಿಲ್ಲದೆ ತೆಗೆಯುವುದು, ಇವೆಲ್ಲ ನಮ್ಮ ಮನೆಗಳಲ್ಲಿ ಮಕ್ಕಳು ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿಯುವ ವಿದ್ಯೆಗಳು. ಆದರೆ ನಾನೀಗ ಬರೆಯಹೊರಟಿರುವುದು ಕೊಬ್ಬರಿಯನ್ನು ಕುರಿತಲ್ಲ. ಅದು ಪ್ರಯಾಣ ಮಾಡುವ ಪೆಟ್ಟಿಗೆಯನ್ನು ಕುರಿತು. ಅದೂ ತೇಗದ ಪೆಟ್ಟಿಗೆಯಲ್ಲ, ತಗಡಿನ ಪೆಟ್ಟಿಗೆಯಲ್ಲ, ಕೆಲಸ ಮುಗಿದ ಮೇಲೆ ನೀರೊಲೆಗೆ ಹಾಕುವ ರಟ್ಟಿನ ಪೆಟ್ಟಿಗೆ. ಇಂಥ ಅಲ್ಪ ವಸ್ತುವಿಗೆ ಒಂದು ಪ್ರಬಂಧವೇ ಎಂದು ವಾಚಕರು ನಗಬಹುದು. ನಾನೂ ಹಿಂದೆ ಹಾಗೆಯೇ ನಗುತ್ತಿದ್ದವನು. ಈ ಪೆಟ್ಟಿಗೆಯಿಂದ ನನಗೆ ಬುದ್ಧಿ ಬಂದ ಬಗೆಯನ್ನು ಹೇಳಿದರೆ ಆ ನಗೆ ನನ್ನ ಕಡೆಗೇ ತಿರುಗೀತು; ತಿರುಗಲಿ.

ನಮ್ಮ ತಂದೆಯವರ ಕಾಲದಲ್ಲಿ ಕೊಬ್ಬರಿ ಹೋಗುತ್ತಿದ್ದುದು ಗೋಣಿಚೀಲದಲ್ಲಿ. ಮಂಡಿಯಲ್ಲಿ ತೂಗಿಸಿ, ಚೀಲದ ಬಾಯನ್ನು ದಬ್ಬಳದಿಂದ ಹೊಲಿದು ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತು. ಅದು ಉತ್ತರ ದೇಶದ ಯಾವ ಮದುವೆಯ ಮನೆಯನ್ನು ಸೇರಿತೆಂಬುದನ್ನು ನಾವು ಕೇಳುತ್ತಿರಲಿಲ್ಲ. ನನ್ನ ತಮ್ಮನ ಮಗನು ಓದು ಮುಗಿಸಿ ಊರಿಗೆ ಹಿಂದಿರುಗಿದ ಮೇಲೆ ಈ ಪದ್ಧತಿ ಅವನಿಗೆ ಒಗ್ಗಲಿಲ್ಲ. ಆರಿಸಿದ ಕೊಬ್ಬರಿಯನ್ನು ಅಚ್ಚುಕಟ್ಟಾದ ಪೆಟ್ಟಿಗೆಗಳಲ್ಲಿ ತುಂಬಿ ದೂರದ ವರ್ತಕರಿಗೆ ತಾನೇ ನೇರವಾಗಿ ಕಳುಹಿಸುವುದಾಗಿ ಹೇಳಿದನು. ಊರಿನ ಹೊರಗಡೆ ರಟ್ಟಿನ ಪೆಟ್ಟಿಗೆ ಮಾಡುವ ಚಿಕ್ಕ ಕಾರ್ಖಾನೆಯೊಂದುಂಟು. ಅದರ ಯಜಮಾನನು ಒಂದು ಕಾಲದಲ್ಲಿ ನನ್ನ ಶಿಷ್ಯ. ಅವನಲ್ಲಿ ಐದು ಪದರದ ಪೆಟ್ಟಿಗೆಗಳನ್ನು ಮಾಡಿಸಿದ್ದಾಯಿತು. ತುಂಬಿದ ಮೇಲೆ ಒಂದೊಂದು ಪೆಟ್ಟಿಗೆಯೂ 12 ಕಿಲೋ ತೂಗುತ್ತಿದ್ದಿತು.

ದೀಪಾವಳಿಯ ಮುಂಚೆ ಸರಕು ಹೊರಡಬೇಕು. ಲಾರಿ ಬರುವುದು ತಡವಾದುದರಿಂದ ಪೆಟ್ಟಿಗೆಗಳನ್ನು ನಮ್ಮ ಹಳೆಯ ಉಗ್ರಾಣದಲ್ಲಿ ಒಂದರ ಮೇಲೊಂದರಂತೆ ಎಂಟು ಪೆಟ್ಟಿಗೆಗಳೆತ್ತರ ಪೇರಿಸಬೇಕಾಯಿತು. ಪೇರಿಸುತ್ತಿದ್ದಾಗ ನಾನು ಹೋಗಿ ನೋಡಿದೆನು. ಆಳುಗಳು ಒಂದರ ನೆತ್ತಿಯ ಮೇಲೆ ಇನ್ನೊಂದನ್ನು ಸರಿಯಾಗಿ ಇಟ್ಟು ನೆಟ್ಟನೆಯ ಕಂಬಗಳಂತೆ ನಿಲ್ಲಿಸುತ್ತಿದ್ದರು. ನನಗೆ ಅದು ಅವಿವೇಕವೆಂದು ತೋರಿತು. "ಇಟ್ಟಿಗೆಯ ಗೋಡೆಯನ್ನು ಎಂದಾದರೂ ನೋಡಿದ್ದೀರೇನಯ್ಯ? ಸಂದಿನ ಮೇಲೆ ಸಂದು ಬರಬಾರದು. ಎರಡು ಪೆಟ್ಟಿಗೆಗಳ ನಡುವಣ ಸಂದಿಯ ಮೇಲೆ ಮೂರನೆಯದನ್ನು ಇಡಿ. ಆಗ ಒಂದಕ್ಕೊಂದು ಹಿಡಿತ ಬರುತ್ತದೆ," ಎಂದೆನು. ನನ್ನ ತಮ್ಮನ ಮಗನು ಏನೋ ಹೇಳಬಂದವನು, ದೊಡ್ಡಪ್ಪನ ಮಾತಿಗೆ ಎದುರಾಡಲಾರದೆ ಸುಮ್ಮನಾದನು. ಪೆಟ್ಟಿಗೆಗಳು ಗೋಡೆಯಂತೆ ಎದ್ದು ನಿಂತುವು. ನಾನು ತೃಪ್ತನಾಗಿ ಮನೆಗೆ ಬಂದೆನು.

ಅಂದಿನಿಂದಲೇ ಚಿತ್ತೆಯ ಮಳೆ ಹಿಡಿಯಿತು. ಹನ್ನೆರಡು ದಿನ ಬಿಡದೆ ಜಡಿಮಳೆ. ಉಗ್ರಾಣದ ಚಪ್ಪಡಿಯ ನೆಲ ಬೆವೆತಂತೆ ತೇವವಾಗಿದ್ದಿತು. ಹದಿಮೂರನೆಯ ದಿನ ಲಾರಿ ಬಂದಿತೆಂದು ಬಾಗಿಲು ತೆರೆದರೆ, ಕೆಳಗಿನ ಎರಡು ಸಾಲುಗಳು ಹೊಟ್ಟೆಯುಬ್ಬಿ ಕುಸಿದಿದ್ದವು. ಮೇಲಿನವು ಅವುಗಳ ಮೇಲೆ ಓರೆಯಾಗಿ ಒರಗಿದ್ದವು. ಕೆಲವು ಉರುಳಿ ಬಿದ್ದು ಒಡೆದು ಕೊಬ್ಬರಿ ನೆಲದ ಪಾಲಾಗಿದ್ದಿತು. ತೇವ ತಗಲಿದ ಕೊಬ್ಬರಿಗೆ ಬೂಷ್ಟು ಹಿಡಿಯುವುದಕ್ಕೆ ಹೆಚ್ಚು ಹೊತ್ತು ಬೇಕೆ? ಆ ವರ್ಷದ ಬೆಳೆಯಲ್ಲಿ ಬಹುಭಾಗ ಎಣ್ಣೆಯ ಗಾಣದ ಬೆಲೆಗೆ ಹೋಯಿತು. ಹುಡುಗನ ಮುಖವನ್ನು ನನಗೆ ನೋಡಲಾಗಲಿಲ್ಲ.

ಮನುಷ್ಯನಿಗೆ ನಷ್ಟವಾದೊಡನೆ ಮೊದಲು ಬೇಕಾಗುವುದು ಪರಿಹಾರವಲ್ಲ, ಅಪರಾಧಿ. ನಾನು ಆ ಸಂಜೆಯೇ ಕೊಡೆ ಹಿಡಿದು ಕಾರ್ಖಾನೆಗೆ ಹೋದೆನು. ಕೆಲಸದವರೆಲ್ಲರ ಎದುರಿನಲ್ಲಿ, ಗುರುವಿನ ಅಧಿಕಾರದಿಂದ, "ಕಾಸಿನಾಸೆಗೆ ಜೊಳ್ಳು ಕಾಗದ ಹಾಕಿ ಮೋಸಮಾಡಿದೆ. ನಿನಗೆ ನಾನು ಕಲಿಸಿದ್ದು ಇದೇಯೇನು?" ಎಂದು ಅಂದೆನು. ಅವನು ಕೈಕಟ್ಟಿ ನಿಂತಿದ್ದನು. ಬಹಳ ಹೊತ್ತಿನ ಮೇಲೆ, "ಮೇಷ್ಟ್ರೇ, 350 ಕಿಲೋ ತಡೆಯುತ್ತದೆ ಎಂದು ಹೇಳಿ ಕೊಟ್ಟಿದ್ದೇನೆ. ತಾವು ಒಂದು ಸಲ ಪರೀಕ್ಷೆ ಮಾಡಿಸಿ ನೋಡಿ. ತಪ್ಪಿದ್ದರೆ ಆಗ ಅನ್ನಿ," ಎಂದನು. ನಾನು ಉತ್ತರ ಕೊಡದೆ ಬಂದೆನು. ಬಾಕಿಯ ಹಣ ಕೊಡಕೂಡದೆಂದು ಮನೆಯಲ್ಲಿ ವಿಧಿಸಿದೆನು. ಅಷ್ಟಕ್ಕೇ ನಿಲ್ಲಿಸದೆ, ಮಂಡಿಯ ಕಟ್ಟೆಯ ಮೇಲೆ ಕುಳಿತಿದ್ದ ನಾಲ್ವರಲ್ಲಿ ಇದನ್ನೇ ಆಡಿದೆನು. ಮೇಷ್ಟರ ಮಾತು, ನಾಲ್ವರು ನಲವತ್ತು ಮಂದಿಗೆ ಹೇಳಿದರು. ಎರಡು ತಿಂಗಳಲ್ಲಿ ಅವನಿಗೆ ಬರುತ್ತಿದ್ದ ಕೆಲಸ ಅರ್ಧಕ್ಕಿಳಿಯಿತೆಂದೂ ಇಬ್ಬರು ಕೆಲಸದವರನ್ನು ಬಿಡಿಸಿದನೆಂದೂ ಆಮೇಲೆ ತಿಳಿಯಿತು.

ನನ್ನ ತಮ್ಮನ ಮಗನಿಗೆ ಮಾತ್ರ ಆ 350 ಕಿಲೋ ಎಂಬ ಮಾತು ಮನಸ್ಸಿನಲ್ಲಿ ನಿಂತಿದ್ದಿತು. ಬೆಂಗಳೂರಿನಲ್ಲಿ ಇಂಥವನ್ನು ಪರೀಕ್ಷಿಸುವ ಶಾಲೆಯೊಂದನ್ನು ಹುಡುಕಿದನು. ಅದೇ ಸರಕಿನಲ್ಲಿ ಉಳಿದು ಮೇಲಿನ ಕೋಣೆಯಲ್ಲಿ ಒಣಗಿದ್ದ ಆರು ಪೆಟ್ಟಿಗೆಗಳನ್ನು ಒಂದು ಕಟ್ಟು ಮಾಡಿದನು. ಮಡಿಸಿದಂತೆಯೇ ಉಗ್ರಾಣದ ಮೂಲೆಯಲ್ಲಿ ತೇವದಲ್ಲಿ ಬಿದ್ದಿದ್ದ ಇನ್ನಾರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಗಾಳಿಯಾಡದಂತೆ ಸುತ್ತಿ ಇನ್ನೊಂದು ಕಟ್ಟು ಮಾಡಿದನು. "ದೊಡ್ಡಪ್ಪ, ನೀವೂ ಬನ್ನಿ," ಎಂದನು. ಶಿಷ್ಯನ ಅಪರಾಧ ಸಾಬೀತಾಗುವುದನ್ನು ಕಣ್ಣಾರೆ ನೋಡುವ ಆಸೆಯಿಂದ ನಾನೂ ರೈಲು ಹತ್ತಿದೆನು.

ಈ ಪೆಟ್ಟಿಗೆಯ ಮೈಕಟ್ಟನ್ನು ನಾವು ಸಾಮಾನ್ಯವಾಗಿ ನೋಡಿಯೂ ನೋಡಿರುವುದಿಲ್ಲ. ಅಂಚನ್ನು ಹರಿದು ನೋಡಿದರೆ, ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಯಲೆಯಾಗಿ ಮಡಿದ ಇನ್ನೊಂದು ಹಾಳೆ ಪಿಷ್ಟದ ಅಂಟಿನಿಂದ ಸೇರಿಕೊಂಡಿರುವುದು ಕಾಣುತ್ತದೆ. ಒಂದು ಅಲೆಯ ಸಾಲಿದ್ದರೆ ಮೂರು ಪದರ, ಎರಡಿದ್ದರೆ ಐದು, ಮೂರಿದ್ದರೆ ಏಳು. ಅಲೆಗಳು ಪೆಟ್ಟಿಗೆಯಲ್ಲಿ ನೆಟ್ಟಗೆ ಮೇಲಿನಿಂದ ಕೆಳಕ್ಕೆ ನಿಂತಿರುತ್ತವೆ. ನೂರಾರು ಸಣ್ಣ ಕಂಬಗಳಂತೆ ಅವು ಭಾರವನ್ನು ಹೊರುತ್ತವೆ. ಈ ಅಲೆಗಾಗದ ಮೊದಲು ಹುಟ್ಟಿದ್ದು ಸರಕು ಸಾಗಿಸುವುದಕ್ಕಲ್ಲ. 1856ರಲ್ಲಿ ಇಂಗ್ಲೆಂಡಿನಲ್ಲಿ ದೊರೆಗಳ ಎತ್ತರದ ಟೋಪಿಯ ಒಳಗೆ ಅಸ್ತರಿಯಾಗಿ ಹಾಕುವುದಕ್ಕೆ ಅದರ ಹಕ್ಕುಪತ್ರವನ್ನು ಪಡೆದರು. 1871ರಲ್ಲಿ ಅಮೆರಿಕದ ಆಲ್ಬರ್ಟ್ ಜೋನ್ಸ್ ಎಂಬಾತನು ಅದನ್ನು ಸೀಸೆಗಳಿಗೆ ಸುತ್ತಲು ಉಪಯೋಗಿಸಿದನು. 1874ರಲ್ಲಿ ಆಲಿವರ್ ಲಾಂಗ್ ಎಂಬಾತನು ಅಲೆಗೆ ಚಪ್ಪಟೆ ಹಾಳೆಯನ್ನು ಅಂಟಿಸಿ ಅದು ಬಿಚ್ಚಿಕೊಳ್ಳದಂತೆ ಮಾಡಿದನು. ಹೀಗೆ ತಲೆಯ ಮೇಲಿನ ಟೋಪಿಯೊಳಗೆ ಸುಖವಾಗಿದ್ದ ಕಾಗದವು ಲೋಕದ ಹೊರೆಯನ್ನೆಲ್ಲ ತನ್ನ ತಲೆಯ ಮೇಲೆ ಹೊರುವ ಸ್ಥಿತಿಗೆ ಬಂದಿತು. ನಮ್ಮ ದೇಶದಲ್ಲಿಯೂ ಈ ವಿಚಾರಕ್ಕೆಂದೇ 1966ರಲ್ಲಿ ಮುಂಬಯಿಯಲ್ಲಿ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆಯು ಏರ್ಪಟ್ಟಿತು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರವನ್ನು ಹೊದಿಸಿಡುವ ವಿದ್ಯೆಗೆ ಒಂದು ವಿಭಾಗವೇ ಉಂಟು.

ಪರೀಕ್ಷಾಶಾಲೆಯ ಅಧಿಕಾರಿಗಳು ವಯಸ್ಸಿನಲ್ಲಿ ಚಿಕ್ಕವರು. ಆದರೆ ಬಹಳ ಸಮಾಧಾನಿಗಳು. ಪೆಟ್ಟಿಗೆಯನ್ನು ತಂದ ಕೂಡಲೆ ಒತ್ತಿಬಿಡುವುದಿಲ್ಲವಂತೆ. 23 ಡಿಗ್ರಿ ಶಾಖ, ನೂರಕ್ಕೆ 50ರಷ್ಟು ಗಾಳಿಯ ತೇವ ಇರುವ ಕೋಣೆಯಲ್ಲಿ ಅದನ್ನು ಒಂದು ದಿನವಾದರೂ ಇಟ್ಟು ಹದಕ್ಕೆ ತರಬೇಕು. ಆಮೇಲೆ ಬರಿದಾದ ಪೆಟ್ಟಿಗೆಯನ್ನು ಅಂಟುಪಟ್ಟಿಯಿಂದ ಮುಚ್ಚಿ ಎರಡು ಉಕ್ಕಿನ ಫಲಕಗಳ ನಡುವೆ ಇರಿಸುತ್ತಾರೆ. ಮೇಲಿನ ಫಲಕವು ನಿಮಿಷಕ್ಕೆ ಸುಮಾರು ಒಂದು ಸೆಂಟಿಮೀಟರಿನಷ್ಟು ನಿಧಾನವಾಗಿ ಇಳಿಯುತ್ತದೆ. ಪಕ್ಕದಲ್ಲಿ ಒಂದು ಗೆರೆ ಏರುತ್ತ ಹೋಗುತ್ತದೆ. ಮೊದಲು ಪೆಟ್ಟಿಗೆ ಸುಮ್ಮನಿರುತ್ತದೆ. ಆಮೇಲೆ ಅದರ ನಾಲ್ಕು ಗೋಡೆಗಳು ಉಸಿರೆಳೆದಂತೆ ಮೆಲ್ಲನೆ ಉಬ್ಬುತ್ತವೆ. ಗೋಡೆಯ ನಡು ಬಾಗಿದ ಮೇಲೆ ಅದು ಹೆಚ್ಚು ಹೊರಲಾರದು. ಹೊರೆಯೆಲ್ಲ ಮೂಲೆಗಳಿಗೆ ಸರಿಯುತ್ತದೆ. ಒಟ್ಟು ಭಾರದಲ್ಲಿ ಹೆಚ್ಚುಕಡಮೆ ಮೂರರಲ್ಲಿ ಎರಡು ಪಾಲನ್ನು ಆ ನಾಲ್ಕು ಮೂಲೆಗಳೇ ಹೊರುತ್ತವೆಯೆಂದು ಅಧಿಕಾರಿಗಳು ಹೇಳಿದರು. ಕೊನೆಗೆ ಒಂದು ಮೂಲೆ ಸಣ್ಣಗೆ ಕಿರಿಕ್ಕೆನ್ನುತ್ತದೆ. ಏರುತ್ತಿದ್ದ ಗೆರೆ ಥಟ್ಟನೆ ಕೆಳಗಿಳಿಯುತ್ತದೆ. ಆ ಗೆರೆಯ ಶಿಖರವೇ ಪೆಟ್ಟಿಗೆಯ ಬಲ.

ಒಣಗಿದ್ದ ಆರರಲ್ಲಿ ಕನಿಷ್ಠ ಬಲ 361 ಕಿಲೋ, ಗರಿಷ್ಠ 412, ಸರಾಸರಿ 388. ನಮ್ಮ ಎಂಟರ ಪೇರಿಕೆಯಲ್ಲಿ ಕೆಳಗಿನ ಪೆಟ್ಟಿಗೆ ಹೊರಬೇಕಾಗಿದ್ದುದು ಏಳು ಪೆಟ್ಟಿಗೆಗಳ ಭಾರ, ಎಂದರೆ 84 ಕಿಲೋ ಮಾತ್ರ. ಬೇಕಾದುದರ ನಾಲ್ಕು ಪಾಲಿಗೂ ಮಿಗಿಲಾದ ಬಲವನ್ನು ನನ್ನ ಶಿಷ್ಯನು ಕೊಟ್ಟಿದ್ದನು. ತಾನು ಹೇಳಿದ್ದಕ್ಕಿಂತಲೂ ಹೆಚ್ಚಾಗಿಯೇ ಕೊಟ್ಟಿದ್ದನು.

ನಾನು ಇನ್ನೂ ಸೋಲಲೊಲ್ಲದೆ, "ಹಾಗಾದರೆ ಕುಸಿದದ್ದೇಕೆ?" ಎಂದೆನು. ಅಧಿಕಾರಿಗಳು ಎರಡನೆಯ ಕಟ್ಟನ್ನು ಬಿಚ್ಚಿಸಿ, ಒಣಗುವುದಕ್ಕೆ ಬಿಡದೆ ಒತ್ತಿ ತೋರಿಸಿದರು. ಸರಾಸರಿ 196. ಅವೇ ಪೆಟ್ಟಿಗೆಗಳು, ಅದೇ ಕಾಗದ. ತೇವವೊಂದೇ ಅರ್ಧ ಬಲವನ್ನು ಕುಡಿದುಬಿಟ್ಟಿದ್ದಿತು. ಆಮೇಲೆ ಅವರು ಒಂದು ಹಾಳೆಯನ್ನು ತೆಗೆದುಕೊಂಡು ಲೆಕ್ಕ ಹಾಕುತ್ತ ಕೇಳಿದರು: "ಎಷ್ಟು ದಿನ ಪೇರಿಸಿದ್ದಿರಿ?" ಹನ್ನೆರಡು ದಿನವೆಂದೆವು. ಯಂತ್ರವು ಒತ್ತುವುದು ಒಂದೆರಡು ನಿಮಿಷ. ಕಾಗದವಾದರೋ ಬಿಡುವಿಲ್ಲದ ಹೊರೆಯಡಿಯಲ್ಲಿ ದಿನದಿನಕ್ಕೂ ದಣಿಯುತ್ತದೆ. ಹತ್ತು ದಿನ ಕಳೆಯುವ ಹೊತ್ತಿಗೆ ನೂರರಲ್ಲಿ ಮೂವತ್ತೈದರಷ್ಟು ಬಲ ಕಳೆದಿರುತ್ತದೆ ಎಂದರು. 196 ಇದ್ದುದು 127ಕ್ಕೆ ಇಳಿಯಿತು. "ಆದರೂ 84ನ್ನು ತಡೆಯಬೇಕಾಗಿತ್ತಲ್ಲ! ಹೇಗೆ ಪೇರಿಸಿದ್ದಿರಿ?" ಎಂದು ಕೇಳಿದರು.

ನನ್ನ ತಮ್ಮನ ಮಗನು ನೆಲ ನೋಡಿದನು. ನಾನೇ ಹೇಳಬೇಕಾಯಿತು: "ಇಟ್ಟಿಗೆಯ ಗೋಡೆಯಂತೆ, ಸಂದು ತಪ್ಪಿಸಿ."

ಅವರು ನಗಲಿಲ್ಲ, ಅದು ಅವರ ದೊಡ್ಡತನ. "ಸ್ವಾಮಿ, ಇಟ್ಟಿಗೆ ಒಳಗೂ ಹೊರಗೂ ಗಟ್ಟಿ. ಎಲ್ಲಿ ಇಟ್ಟರೂ ಹೊರುತ್ತದೆ. ಪೆಟ್ಟಿಗೆಯ ಒಳಗೆ ಟೊಳ್ಳು. ಅದರ ಬಲವೆಲ್ಲ ಮೂಲೆಯಲ್ಲಿ. ಮೂಲೆಯ ಮೇಲೆ ಮೂಲೆ ಕುಳಿತರೆ ಹೊರೆ ಕಂಬದಿಂದ ಕಂಬಕ್ಕೆ ನೆಲದ ತನಕ ಇಳಿಯುತ್ತದೆ. ಸಂದು ತಪ್ಪಿಸಿದರೆ ಮೇಲಿನದರ ಮೂಲೆ ಕೆಳಗಿನದರ ಗೋಡೆಯ ನಡುವೆ ಬಂದು ಕೂರುತ್ತದೆ. ಅಲ್ಲಿ ಅದನ್ನು ಹೊರುವವರು ಯಾರೂ ಇಲ್ಲ. ಹಾಗೆ ಪೇರಿಸಿದರೆ ಬಲದಲ್ಲಿ ಸುಮಾರು ಅರ್ಧ ಹೋಗುತ್ತದೆ," ಎಂದು ಹೇಳಿ 127ರ ಕೆಳಗೆ 63 ಎಂದು ಬರೆದರು. ಅದರ ಪಕ್ಕದಲ್ಲಿ 84 ಎಂದು ಬರೆದು ಲೇಖನಿಯನ್ನು ಕೆಳಗಿಟ್ಟರು.

ಬಲ್ಲವರು ನಾಲ್ಕೈದು ಪಾಲು ಹೆಚ್ಚಿನ ಬಲವನ್ನು ಕೇಳುವುದು ಇಂಥ ಅಪಾಯಗಳಿಗಾಗಿಯೇ ಅಂತೆ. 1963ರಲ್ಲಿ ಅಮೆರಿಕದ ಮೆಕ್ಕೀ ಎಂಬವರು ತಮ್ಮ ಇಬ್ಬರು ಜೊತೆಗಾರರೊಡನೆ ಒಂದು ಸೂತ್ರವನ್ನು ಕಂಡುಹಿಡಿದರು. ರಟ್ಟಿನ ಒಂದು ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿದಾಗ ಬರುವ ಬಲ, ರಟ್ಟಿನ ದಪ್ಪ, ಪೆಟ್ಟಿಗೆಯ ಸುತ್ತಳತೆ, ಈ ಮೂರರಿಂದಲೇ ಪೆಟ್ಟಿಗೆಯನ್ನು ಒಡೆಯದೆ ಅದರ ಬಲವನ್ನು ಗುಣಿಸಬಹುದು. ಆದರೆ ಆ ಸೂತ್ರ ಹೇಳುವುದು ಒಳ್ಳೆಯ ದಿನದ ಬಲವನ್ನು ಮಾತ್ರ. ಮಳೆಯ ದಿನವನ್ನೂ ಪೇರಿಸುವವನ ಅಹಂಕಾರವನ್ನೂ ಬಳಸುವವನೇ ಕಳೆದುಕೊಳ್ಳಬೇಕು.

ರೈಲಿನಲ್ಲಿ ಹಿಂದಿರುಗುವಾಗ ನಾವಿಬ್ಬರೂ ಹೆಚ್ಚು ಮಾತನಾಡಲಿಲ್ಲ. 34 ವರ್ಷ ನಾನು ಮಕ್ಕಳನ್ನು ಕಾಗದದ ಮೇಲೆ ಪರೀಕ್ಷಿಸಿದವನು. ಅಂದು ಕಾಗದವು ನನ್ನನ್ನು ಪರೀಕ್ಷಿಸಿದ್ದಿತು. ತಿಪಟೂರು ದಾಟಿದ ಮೇಲೆ ಹುಡುಗನು, "ನಾನಾದರೂ ಆ ದಿನ ಹೇಳಬೇಕಾಗಿತ್ತು, ದೊಡ್ಡಪ್ಪ. ಪುಸ್ತಕದಲ್ಲಿ ಓದಿದ್ದೆ," ಎಂದನು. ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳುವುದಕ್ಕೆ ಅವನು ಹಾಗೆ ಹೇಳಿದನೆಂದು ನನಗೆ ತಿಳಿಯಿತು. ಅವನು ಏಕೆ ಹೇಳಲಿಲ್ಲವೆಂಬುದೂ ನನಗೆ ತಿಳಿದಿದ್ದಿತು.

ಇಷ್ಟಾದರೂ ನಾನು ಮರುದಿನವೇ ಶಿಷ್ಯನ ಬಳಿಗೆ ಹೋದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ವಾರ ಏನೇನೋ ನೆಪ ಹೂಡಿದೆನು. ಆ ನಡುವೆ ನೆಂಟರೊಬ್ಬರು ಬಂದುದರಿಂದ ಅವರಿಗೆ ಬೇಲೂರು ಹಳೇಬೀಡುಗಳನ್ನು ತೋರಿಸಲು ಕರೆದುಕೊಂಡು ಹೋದೆನು. 2023ರಲ್ಲಿ ಸೋಮನಾಥಪುರದ ಗುಡಿಯೊಡನೆ ಇವು ವಿಶ್ವಪರಂಪರೆಯ ಪಟ್ಟಿಗೆ ಸೇರಿದಂದಿನಿಂದ ನೆಂಟರಿಗೆಲ್ಲ ಇವುಗಳ ಮೇಲೆ ಪ್ರೀತಿ ಹೆಚ್ಚಿದೆ. ಎಷ್ಟೋ ಸಲ ನೋಡಿದ ಗುಡಿಗಳು; ಈ ಸಲ ಮಾತ್ರ ನನ್ನ ಕಣ್ಣು ಮದನಿಕೆಯರ ಕಡೆಗೆ ಹೋಗಲೊಲ್ಲದು. ಯಾವುದು ಯಾವುದನ್ನು ಹೊತ್ತಿದೆ ಎಂದೇ ನೋಡುತ್ತಿದ್ದೆನು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯ ನವರಂಗದಲ್ಲಿ, ಕಡೆದ ನುಣುಪಾದ ಕಂಬಗಳ ನಡುವೆ ವಿಜಯನಗರದ ಕಾಲದಲ್ಲಿ ಊರೆಯಾಗಿ ನಿಲ್ಲಿಸಿದ ಕಂಬಗಳೂ ಇವೆ. ಅಷ್ಟು ಹಿಂದೆಯೇ ಯಾರೋ ಒಬ್ಬರು ತಲೆಯೆತ್ತಿ ನೋಡಿ, ಹೊರೆ ಹೆಚ್ಚಾಗಿದೆಯೆಂದು ಕಂಡು, ಕೆಳಗೆ ಕೈಕೊಟ್ಟಿದ್ದರು. ಗುಡಿಯ ಮೇಲಿದ್ದ ಶಿಖರವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಳಿಸಿದುದೂ ಕೆಳಗಿನದು ಉಳಿಯಲೆಂದೇ. ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಷ್ಟೂ ಗಡುಸಾಗುತ್ತದೆ. ನಮ್ಮ ಕಾಗದಕ್ಕೆ ಆ ಭಾಗ್ಯವಿಲ್ಲ.

ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗೋಡೆಯ ತಳದಲ್ಲಿ ಆನೆಗಳ ಸಾಲೊಂದುಂಟು. ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣಕಥೆ, ಮಕರ, ಹಂಸ. ಅವುಗಳ ಮೇಲೆ ದೇವತೆಗಳು. ನೋಡುವವರೆಲ್ಲ ದೇವತೆಗಳನ್ನು ನೋಡುತ್ತಾರೆ. ಬಗ್ಗಿ ಆನೆಗಳನ್ನು ನೋಡುವವರು ಮಕ್ಕಳು ಮಾತ್ರ. ನನ್ನ ನೆಂಟರ ಮೊಮ್ಮಗಳು ಒಂದು ಆನೆಯ ನೆತ್ತಿಯ ಕಡೆಗೆ ಬೆರಳು ತೋರಿಸಿ, "ತಾತ, ಇದಕ್ಕೆ ಭಾರ ಆಗುವುದಿಲ್ಲವೆ?" ಎಂದಳು. ಮಗುವಿಗೆ ಏನೋ ಉತ್ತರ ಹೇಳಿದೆನು. ಆದರೆ ಆ ಕ್ಷಣದಲ್ಲಿ ನನ್ನ ಕಣ್ಣಿಗೆ ಕಟ್ಟಿದ್ದು ಕಾರ್ಖಾನೆಯಲ್ಲಿ ಕೈಕಟ್ಟಿ ನಿಂತಿದ್ದ ನನ್ನ ಶಿಷ್ಯನ ಚಿತ್ರ. ಮಳೆಯ ತಪ್ಪು, ಲಾರಿಯ ತಡ, ನನ್ನ ಅಧಿಕಪ್ರಸಂಗ, ಎಲ್ಲವನ್ನೂ ಪೇರಿಸಿ ಎಲ್ಲಕ್ಕಿಂತ ಕೆಳಗಿದ್ದವನ ಮೇಲೆ ಇಟ್ಟು ಬಂದಿದ್ದೆನು. ಕುಸಿದಾಗ ಕೆಳಗಿನ ಪೆಟ್ಟಿಗೆಯನ್ನು ಬೈಯುವುದೇ ಲೋಕದ ವಾಡಿಕೆ. ಹೇರಿದವನು ಯಾರೆಂದು ಕೇಳುವವರು ಕಡಮೆ.

ಮರುದಿನ ಬೆಳಗ್ಗೆ ಬಾಕಿಯ ಹಣವನ್ನೂ ಪರೀಕ್ಷಾಶಾಲೆಯ ವರದಿಯನ್ನೂ ತೆಗೆದುಕೊಂಡು ಕಾರ್ಖಾನೆಗೆ ಹೋದೆನು. ಬೈದದ್ದು ಕೆಲಸದವರ ಎದುರಿನಲ್ಲಾದ ಮೇಲೆ ತಪ್ಪೊಪ್ಪಿಗೆಯೂ ಅವರ ಎದುರಿನಲ್ಲಿಯೇ ಆಗಬೇಕೆಂದು ಅವರನ್ನೆಲ್ಲ ಕರೆಯಿಸಿ, ಪೆಟ್ಟಿಗೆ ಸರಿಯಾಗಿದ್ದಿತೆಂದೂ ಪೇರಿಸಿದ್ದು ತಪ್ಪಾಗಿದ್ದಿತೆಂದೂ ಪೇರಿಸಲು ಹೇಳಿದವನು ನಾನೇ ಎಂದೂ ಹೇಳಿದೆನು. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಅಲ್ಲಿಂದ ನೇರವಾಗಿ ಮಂಡಿಯ ಕಟ್ಟೆಗೆ ಹೋಗಿ ಅದನ್ನೇ ಇನ್ನೊಮ್ಮೆ ಹೇಳಿದೆನು. ಕೆಟ್ಟ ಮಾತು ಎರಡು ದಿನದಲ್ಲಿ ಊರು ಸುತ್ತಿದ್ದಿತು. ಒಳ್ಳೆಯ ಮಾತು ಸುತ್ತುವುದಕ್ಕೆ ಮುಂದಿನ ಸುಗ್ಗಿಯವರೆಗೆ ಹಿಡಿಯಿತು.

ಶಿಷ್ಯನು ಹಣವನ್ನು ಎಣಿಸಲಿಲ್ಲ. ವರದಿಯನ್ನು ಮಾತ್ರ ಎರಡು ಸಲ ಓದಿದನು. "ಮೇಷ್ಟ್ರೇ, ಇದನ್ನು ನಾನು ಇಟ್ಟುಕೊಳ್ಳಬಹುದೆ? ಗಣಿತದಲ್ಲಿ ತಾವು ನನಗೆ ಮೂವತ್ತೈದರ ಮೇಲೆ ಒಂದು ಅಂಕವನ್ನೂ ಕೊಟ್ಟವರಲ್ಲ. ಇದರಲ್ಲಿ ಮುನ್ನೂರ ಎಂಬತ್ತೆಂಟು ಬಂದಿದೆ," ಎಂದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಈಗ ಆ ಹಾಳೆ ಗಾಜಿನ ಚೌಕಟ್ಟಿನಲ್ಲಿ ಅವನ ಮೇಜಿನ ಹಿಂದಿನ ಗೋಡೆಯ ಮೇಲಿದೆ. ನಮ್ಮ ಉಗ್ರಾಣದಲ್ಲಿ ನೆಲದ ಮೇಲೆ ಮರದ ಹಲಗೆಗಳನ್ನು ಹಾಸಿದ್ದೇವೆ. ಪೆಟ್ಟಿಗೆಗಳು ಮೂಲೆಯ ಮೇಲೆ ಮೂಲೆಯಾಗಿ ಐದರ ಎತ್ತರಕ್ಕೆ ನಿಲ್ಲುತ್ತವೆ. ನಾನು ಅಲ್ಲಿಗೆ ಹೋಗುತ್ತೇನೆ, ನೋಡುತ್ತೇನೆ, ಸಲಹೆ ಕೊಡುವುದಿಲ್ಲ.

ಬಿಡಿಸಿದ್ದ ಇಬ್ಬರು ಕೆಲಸದವರ ವಿಚಾರವನ್ನು ಕೇಳಿದೆನು. ಒಬ್ಬನು ಸುಗ್ಗಿಯ ಹೊತ್ತಿಗೆ ಹಿಂದಿರುಗಿದನು. ಇನ್ನೊಬ್ಬನು ಹೆಂಡತಿ ಮಕ್ಕಳೊಡನೆ ಬೆಂಗಳೂರಿಗೆ ಹೋದವನು ಮತ್ತೆ ಬರಲಿಲ್ಲ. ಅವನ ಮನೆಯ ಬೀದಿಯಲ್ಲಿ ಹೋಗುವಾಗ ಬಾಗಿಲಿಗೆ ಹಾಕಿದ ಬೀಗ ಈಗಲೂ ಕಾಣುತ್ತದೆ.